ಎಷ್ಟು ಪರದೆ, ಎಷ್ಟು ಸಾಕ್ಷಿ?

(ದೂರ ಪ್ರಯಾಣದ ಹಾಯಿದೋಣಿಗೆ ಬೇಕಾಗುವ ಎಲೆಕ್ಟ್ರಾನಿಕ್ ಉಪಕರಣಗಳ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹತ್ತು ಹನ್ನೆರಡು ಮೀಟರ್ ಉದ್ದದ ಒಂದು ಯಾಟ್ ದೂರ ಪ್ರಯಾಣಕ್ಕೆ ಹೊರಟಿದೆ. ದಾರಿ ತೋರಿಸುವ ಎಲೆಕ್ಟ್ರಾನಿಕ್ ಉಪಕರಣ ಅದಕ್ಕೆ ಎಷ್ಟು ಬೇಕು? ಇದು ಇವತ್ತಿನ ವಿಷಯ. ಹೊಸದಾಗಿ ದೋಣಿ ಕೊಂಡವರು ನನ್ನನ್ನು ಮೊದಲು ಕೇಳುವುದೂ ಇದನ್ನೇ. ಕೇಳುವ ಹೊತ್ತಿಗೆ ಅವರ ಕೈಯಲ್ಲಿ ಕ್ಯಾಟಲಾಗ್ ಇರುತ್ತದೆ, ಅರ್ಧ ಸಾಮಾನಿಗೆ ಆಗಲೇ ಟಿಕ್ ಬಿದ್ದಿರುತ್ತದೆ. ಅವರ ಉತ್ಸಾಹ ನನಗೆ ಅರ್ಥವಾಗುತ್ತದೆ. ಉತ್ತರ ಕೊಡುವ ಮುಂಚೆ ಅವರಿಗೆ ನಾನು ಒಂದು ರಾತ್ರಿಯ ಕಥೆ ಹೇಳುತ್ತೇನೆ. ನಿಮಗೂ ಅದನ್ನೇ ಹೇಳುತ್ತೇನೆ.

ಎರಡು ದಿನದ ಪ್ರಯಾಣ ಮುಗಿಸಿ, ರಾತ್ರಿ ಹನ್ನೊಂದರ ಸುಮಾರಿಗೆ ನಾವು ಮೂವರು ಒಂದು ಬಂದರಿನ ಬಾಯಿಗೆ ಬಂದಿದ್ದೆವು. ಕಿರಿದಾದ ಬಾಯಿ. ಎಡಕ್ಕೆ ಕಲ್ಲಿನ ತಡೆಗೋಡೆ, ಬಲಕ್ಕೆ ಮರಳ ದಿಣ್ಣೆ. ಚುಕ್ಕಾಣಿ ಗೆಳೆಯನ ಕೈಯಲ್ಲಿತ್ತು. ಅವನ ಮುಂದೆ ಹನ್ನೆರಡು ಇಂಚಿನ ಚಾರ್ಟ್‌ಪ್ಲಾಟರ್, ಅಂದರೆ ನಕ್ಷೆಯ ಮೇಲೆ ದೋಣಿಯ ಜಾಗ ತೋರಿಸುವ ಪರದೆ. ಅದರ ಮೇಲೆ ನಮ್ಮ ದೋಣಿಯ ಪುಟ್ಟ ಚಿತ್ರ ಕಾಲುವೆಯ ನಟ್ಟನಡುವೆ ತೆವಳುತ್ತಿತ್ತು. ಹಾಯಿ ಇಳಿಸುವ ಮುಂಚೆ ನಾನು ಎಂಜಿನ್ ಕೀಲಿ ತಿರುಗಿಸಿದೆ. ಸ್ಟಾರ್ಟರ್ ಮೋಟಾರ್ ಗುರ್ ಎಂದದ್ದೇ ತಡ, ಪರದೆ ಕಪ್ಪಾಯಿತು. ಎಂಜಿನ್ ಶುರುವಾಯಿತು. ಪರದೆಯ ಮೇಲೆ ಕಂಪನಿಯ ಗುರುತು ಬಂತು, ಒಂದು ಗೆರೆ ನಿಧಾನವಾಗಿ ತುಂಬತೊಡಗಿತು, ಆಮೇಲೆ ಒಂದು ಪುಟ ಎಚ್ಚರಿಕೆಯ ಬರಹ: ಈ ಉಪಕರಣ ಒಂದನ್ನೇ ನಂಬಿ ದೋಣಿ ನಡೆಸಬೇಡಿ, ಒಪ್ಪಿಗೆಯಿದ್ದರೆ ಗುಂಡಿ ಒತ್ತಿ. ಒತ್ತಿದ ಮೇಲೆ ಉಪಗ್ರಹಗಳ ಹುಡುಕಾಟ. ಎಲ್ಲ ಸೇರಿ ಒಂದೂವರೆ ನಿಮಿಷ. ಐದು ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಐದು ಸಮುದ್ರ ಮೈಲಿಯಂತೆ, ದೋಣಿ ನಿಮಿಷಕ್ಕೆ 150 ಮೀಟರಿಗಿಂತ ಸ್ವಲ್ಪ ಹೆಚ್ಚೇ ಸಾಗುತ್ತದೆ.

ಅಷ್ಟು ಹೊತ್ತೂ ಗೆಳೆಯ ಆ ಕಪ್ಪು ಪರದೆಯನ್ನೇ ನೋಡುತ್ತ ನಿಂತಿದ್ದ. ಅವನು ನನಗಿಂತ ಹೆಚ್ಚು ಸಮುದ್ರ ಕಂಡವನು. ಆದರೆ ಎರಡು ಗಂಟೆಯಿಂದ ನೋಡಿ ನೋಡಿ ಅವನ ಕಣ್ಣು ಅಲ್ಲೇ ನೆಟ್ಟುಹೋಗಿತ್ತು. ಆ ಬೆಳಕಿಗೆ ಒಗ್ಗಿದ ಕಣ್ಣಿಗೆ ಹೊರಗಿನ ಕತ್ತಲಲ್ಲಿ ಏನೂ ಕಾಣುತ್ತಲೂ ಇರಲಿಲ್ಲ. ಎದುರಿನ ದಡದಲ್ಲಿ ಎರಡು ದಾರಿದೀಪಗಳು ಚೆನ್ನಾಗಿಯೇ ಉರಿಯುತ್ತಿದ್ದವು. ಮುಂದಿನದು ಕೆಳಗೆ, ಹಿಂದಿನದು ತುಸು ಎತ್ತರದಲ್ಲಿ. ಎರಡೂ ಒಂದರ ಮೇಲೊಂದು ನೆಟ್ಟಗೆ ಕಂಡರೆ ನೀವು ಕಾಲುವೆಯ ನಡುವೆ ಇದ್ದೀರಿ. ಮೇಲಿನ ದೀಪ ಬಲಕ್ಕೆ ಸರಿದಂತೆ ಕಂಡರೆ ನೀವು ಬಲಕ್ಕೆ ಜಾರಿದ್ದೀರಿ, ಎಡಕ್ಕೆ ತಿರುಗಿಸಬೇಕು. ಆ ರಾತ್ರಿ ಮೇಲಿನದು ಆಗಲೇ ಬಲಕ್ಕೆ ಸರಿದಿತ್ತು. ಮುಂದೆ ಹಗ್ಗ ಸುತ್ತುತ್ತಿದ್ದ ಮೂರನೆಯವಳು ಅದನ್ನು ಕಂಡು ಕೂಗಿದಳು. ಕೂಗದಿದ್ದರೆ ಮರಳ ಮೇಲೆ ಕೂರುತ್ತಿದ್ದೆವು.

ಮರುದಿನ ಬೆಳಗ್ಗೆ ಬ್ಯಾಟರಿ ಪೆಟ್ಟಿಗೆ ತೆಗೆದು ನೋಡಿದೆ. ಎಲ್ಲ ಉಪಕರಣಗಳಿಗೂ ಎಂಜಿನ್ ಚಾಲೂ ಮಾಡುವ ಬ್ಯಾಟರಿಯಿಂದಲೇ ಕರೆಂಟು. ನೆಗೆಟಿವ್ ತಂತಿಯ ತುದಿ ಹಸಿರು ಕಿಲುಬು ಹಿಡಿದು, ಬೆರಳಲ್ಲಿ ಮುಟ್ಟಿದರೆ ಪುಡಿ ಉದುರುತ್ತಿತ್ತು. ಸ್ಟಾರ್ಟರ್ ಮೋಟಾರ್ ಎಳೆದಾಗ ಉಳಿದವಕ್ಕೆ ವೋಲ್ಟೇಜ್ ಸಾಲುತ್ತಿರಲಿಲ್ಲ. ಒಂದು ಮೊಳ ತಂತಿ, ಎರಡು ಹೊಸ ತುದಿ, ಒಂದು ಗಂಟೆಯ ಕೆಲಸ, ಅಷ್ಟರಲ್ಲಿ ಸರಿಹೋಯಿತು. ಅಷ್ಟು ದೊಡ್ಡ ಪರದೆ ಹಾಕಿಸಿದಾಗ ಈ ತಂತಿಯತ್ತ ನಮ್ಮಲ್ಲಿ ಒಬ್ಬರೂ ಕಣ್ಣು ಹಾಯಿಸಿರಲಿಲ್ಲ.

ಆ ರಾತ್ರಿಯ ನಂತರ ನಾನು ಲೆಕ್ಕ ಹಾಕುವ ರೀತಿಯೇ ಬದಲಾಯಿತು. ದೋಣಿಯಲ್ಲಿ ಎಷ್ಟು ಪರದೆಗಳಿವೆ ಎಂದು ಈಗ ನಾನು ಕೇಳುವುದಿಲ್ಲ, ಎಷ್ಟು ಸಾಕ್ಷಿಗಳಿವೆ ಎಂದು ಕೇಳುತ್ತೇನೆ. ಹತ್ತು ಜನ ಒಬ್ಬನ ಮಾತನ್ನೇ ಕೇಳಿಕೊಂಡು ಬಂದು ಹೇಳಿದರೆ ಅದು ಹತ್ತು ಸಾಕ್ಷಿ ಆಗುವುದಿಲ್ಲ. ಒಂದು ಸಾಧಾರಣ ಯಾಟ್ ಹತ್ತಿ ನೋಡಿ: ಚುಕ್ಕಾಣಿಯ ಬಳಿ ಒಂದು ಪ್ಲಾಟರ್, ಕೆಳಗೆ ಮೇಜಿನ ಮೇಲೆ ಇನ್ನೊಂದು, ಟ್ಯಾಬ್ಲೆಟ್, ಎರಡು ಫೋನು, ಹಡಗುಗಳು ತಮ್ಮ ಹೆಸರು, ಜಾಗ, ವೇಗವನ್ನು ರೇಡಿಯೊದಲ್ಲಿ ಬಿತ್ತರಿಸಿಕೊಳ್ಳುವ ಎಐಎಸ್, ತುರ್ತು ಗುಂಡಿ ಇರುವ ರೇಡಿಯೊ. ಏಳು ಸಾಮಾನು. ನಾವು ಎಲ್ಲಿದ್ದೇವೆ ಎಂಬ ವಿಷಯದಲ್ಲಿ ಏಳೂ ಉಪಗ್ರಹದ ಮಾತನ್ನೇ ಹೇಳುತ್ತವೆ. ಅಲ್ಲಿಗೆ ಸಾಕ್ಷಿ ಒಂದೇ ಆಯಿತು.

ನಮ್ಮ ಹಿರಿಯರು ಅರಿವಿನ ದಾರಿಗಳನ್ನು ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯ ಎಂದು ವಿಂಗಡಿಸಿದ್ದರು. ದೋಣಿಯ ಮಟ್ಟಿಗೆ ಇದಕ್ಕಿಂತ ಒಳ್ಳೆಯ ವಿಂಗಡಣೆ ನನಗೆ ಸಿಕ್ಕಿಲ್ಲ. ಆಳಮಾಪಕ, ರಾಡಾರ್, ದಿಕ್ಸೂಚಿ, ನಿಮ್ಮ ಕಣ್ಣು, ಇವೆಲ್ಲ ಪ್ರತ್ಯಕ್ಷ. ಈ ಕ್ಷಣ ಇಲ್ಲಿ ಏನಿದೆಯೋ ಅದನ್ನು ಮುಟ್ಟಿ ನೋಡಿ ಹೇಳುವಂಥವು. ಹಿಂದಿನ ಗಂಟೆ ಎಲ್ಲಿದ್ದೆವು, ಯಾವ ದಿಕ್ಕಿಗೆ ಎಷ್ಟು ವೇಗದಲ್ಲಿ ಬಂದೆವು ಎಂದು ಲೆಕ್ಕ ಹಾಕಿ ಈಗಿನ ಜಾಗ ಹೇಳುವುದು ಅನುಮಾನ. ನಕ್ಷೆ ಆಪ್ತವಾಕ್ಯ: ಹಿಂದೆ ಯಾರೋ ಅಳೆದದ್ದು, ಮತ್ಯಾರೋ ಬರೆದದ್ದು, ನಾವು ನಂಬಿದ್ದು. ಎಐಎಸ್ ಕೂಡ ಆಪ್ತವಾಕ್ಯವೇ. ಆ ಹಡಗು ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ನಮಗೆ ತೋರಿಸುತ್ತದೆ. ಮೂರೂ ಬೇಕು. ಒಂದನ್ನು ಇನ್ನೊಂದು ಅಂದುಕೊಂಡಾಗ ದೋಣಿ ಬಂಡೆಗೆ ಹತ್ತುತ್ತದೆ.

2014ರ ನವೆಂಬರ್ 29ರಂದು ವಿಶ್ವ ಪರ್ಯಟನೆಯ ವೋಲ್ವೊ ಓಷನ್ ರೇಸ್‌ನಲ್ಲಿದ್ದ ‘ವೆಸ್ತಾಸ್ ವಿಂಡ್’ ಎಂಬ ಯಾಟ್ ಹಿಂದೂ ಮಹಾಸಾಗರದಲ್ಲಿ, ಮಾರಿಷಸ್‌ನ ಈಶಾನ್ಯಕ್ಕಿರುವ ಕಾರ್ಗಾಡೋಸ್ ಕರಾಹೋಸ್ ಹವಳದ ದಿಬ್ಬಕ್ಕೆ ಕತ್ತಲಲ್ಲಿ ಬಡಿಯಿತು. ಅದರಲ್ಲಿದ್ದ ಒಂಬತ್ತು ಮಂದಿಯೂ ಪಳಗಿದವರು, ಉಪಕರಣಗಳಿಗೂ ಕೊರತೆಯಿರಲಿಲ್ಲ. ದಿಬ್ಬವೇನೂ ಸಣ್ಣದಲ್ಲ, ಹತ್ತಾರು ಕಿಲೋಮೀಟರ್ ಉದ್ದ. ಡಿಜಿಟಲ್ ನಕ್ಷೆಯಲ್ಲಿ ಅದು ಇತ್ತು ಕೂಡ. ಆದರೆ ನಕ್ಷೆಯನ್ನು ದೂರದಿಂದ ನೋಡಿದಾಗ ಆ ಜಾಗದಲ್ಲಿ ಅಪಾಯ ಕಾಣದು, ಹತ್ತಿರಕ್ಕೆ ಹಿಗ್ಗಿಸಿದಾಗಲೇ ದಿಬ್ಬ ಮೂಡುತ್ತದೆ. ಯಾರೂ ಬೇಕಾದಷ್ಟು ಹಿಗ್ಗಿಸಿ ನೋಡಿರಲಿಲ್ಲ. ನಂತರ ಬಂದ ತನಿಖಾ ವರದಿ ನಕ್ಷೆಯನ್ನು ಬಳಸಿದ ರೀತಿಯಲ್ಲೂ, ಬೇರೆ ಬೇರೆ ಅಳತೆಯಲ್ಲಿ ಅಪಾಯಗಳನ್ನು ತೋರಿಸುವ ನಕ್ಷೆಯ ರೀತಿಯಲ್ಲೂ ಕೊರತೆ ಕಂಡಿತು. ಪುಣ್ಯಕ್ಕೆ ಎಲ್ಲರೂ ಬದುಕಿಕೊಂಡರು. ಆಮೇಲಿಂದ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ: ದಾರಿಯ ಗೆರೆ ಎಳೆದ ಮೇಲೆ ಇಡೀ ಗೆರೆಯ ಉದ್ದಕ್ಕೂ, ನಕ್ಷೆ ತೋರಿಸಬಲ್ಲಷ್ಟು ಹಿಗ್ಗಿಸಿ, ಬೆರಳಿಂದ ಸರಿಸುತ್ತ ನೋಡಬೇಕು. ಐನೂರು ಮೈಲಿಯ ದಾರಿಗೆ ಒಂದು ಗಂಟೆ ಹಿಡಿಯುತ್ತದೆ. ಇದನ್ನು ದಡದಲ್ಲಿ ಕೂತು ಮಾಡಬೇಕು.

ಈಗ ಸಾಮಾನುಗಳ ವಿಷಯಕ್ಕೆ ಬರೋಣ. ಒಂದೇ ಒಂದು ಎಲೆಕ್ಟ್ರಾನಿಕ್ ಉಪಕರಣಕ್ಕೆ ಜಾಗವಿದ್ದರೆ ನಾನು ಆಳಮಾಪಕ ಹಾಕಿಸುತ್ತೇನೆ. ಜಿಪಿಎಸ್ ಎರಡನೆಯದು. ಜಿಪಿಎಸ್ ನೀವು ಭೂಮಿಯ ಮೇಲೆ ಎಲ್ಲಿದ್ದೀರಿ ಎಂದು ಹೇಳುತ್ತದೆ, ಬಂಡೆ ಎಲ್ಲಿದೆ ಎಂಬುದು ಅದಕ್ಕೆ ಗೊತ್ತಿಲ್ಲ. 2000ದ ಮೇ ತಿಂಗಳಲ್ಲಿ ಅಮೆರಿಕ ನಾಗರಿಕರ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ನೂರು ಮೀಟರಿನಷ್ಟಿದ್ದ ವ್ಯತ್ಯಾಸ ಹತ್ತು ಮೀಟರಿನ ಆಸುಪಾಸಿಗೆ ಇಳಿಯಿತು. ಆದರೆ ಜಗತ್ತಿನ ಎಷ್ಟೋ ಕರಾವಳಿಗಳ ನಕ್ಷೆಗೆ ಇಂದಿಗೂ 19ನೇ ಶತಮಾನದ ಅಳತೆಯೇ ಆಧಾರ. ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು, ಕೋನ ಅಳೆಯುವ ಸೆಕ್ಸ್‌ಟಂಟ್ ಎಂಬ ಕೈ ಉಪಕರಣ ಹಿಡಿದು ಜಾಗ ಗುರುತಿಸಿ ಮಾಡಿದ ಅಳತೆ ಅದು. ಗುಂಡು ಬಿದ್ದಲ್ಲಿ ಆಳ ಗೊತ್ತಾಯಿತು, ಪಕ್ಕದಲ್ಲಿ ಬಂಡೆಯಿದ್ದರೆ ಗೊತ್ತಾಗಲಿಲ್ಲ. ಅಂಥ ನಕ್ಷೆಯ ಮೇಲೆ ಹತ್ತು ಮೀಟರಿನ ನಿಖರತೆಯ ಚುಕ್ಕೆ ಇಟ್ಟರೆ ಚುಕ್ಕೆ ನಿಜ ಇರಬಹುದು, ಬಂಡೆ ನೂರಾರು ಮೀಟರ್ ಆಚೀಚೆ ಇರಬಹುದು.

ಆಳಮಾಪಕ ಹಾಗಲ್ಲ. ದೋಣಿಯ ತಳದಿಂದ ಶಬ್ದದ ಮಿಡಿತ ಹೊರಡುತ್ತದೆ, ನೆಲಕ್ಕೆ ತಾಗಿ ವಾಪಸಾಗುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಮೂರು ಮೀಟರ್ ಆಳಕ್ಕೆ ಹೋಗಿ ಬರಲು ಒಂದು ಸೆಕೆಂಡಿನ 250ರಲ್ಲಿ ಒಂದು ಭಾಗ ಸಾಕು. ಯಾವ ಉಪಗ್ರಹವೂ ಬೇಕಿಲ್ಲ, ಯಾರ ಮಾತನ್ನೂ ಕೇಳಬೇಕಿಲ್ಲ. ಆದರೆ ಅದು ತೋರಿಸುವ ಅಂಕಿ ಎಲ್ಲಿಂದ ಎಲ್ಲಿಗೆ ಎಂಬುದು ನಿಮಗೆ ಖಚಿತವಾಗಿ ಗೊತ್ತಿರಬೇಕು. ಒಂದು ದೋಣಿಯ ಉದಾಹರಣೆ ನೋಡಿ. ಮಿಡಿತ ಕಳಿಸುವ ಗುಂಡಿ ನೀರಿನ ಮಟ್ಟದಿಂದ 40 ಸೆಂಟಿಮೀಟರ್ ಕೆಳಗಿದೆ, ಕೀಲ್ ಎಂಬ, ದೋಣಿಯ ಅಡಿಯಲ್ಲಿ ನೀರಿನೊಳಗೆ ಇಳಿದಿರುವ ಭಾರದ ರೆಕ್ಕೆಯ ತಳ 1.8 ಮೀಟರ್ ಕೆಳಗಿದೆ. ಪರದೆಯಲ್ಲಿ 3.2 ಎಂದಿದೆ. ಗುಂಡಿಯಿಂದ ಅಳೆದದ್ದಾದರೆ ಕೀಲಿನ ಕೆಳಗೆ 1.8 ಮೀಟರ್ ನೀರಿದೆ. ನೀರಿನ ಮಟ್ಟದಿಂದ ಅಳೆದು ತೋರಿಸುವಂತೆ ಯಾರಾದರೂ ಹೊಂದಿಸಿದ್ದರೆ 1.4. ಕೀಲಿನ ತಳದಿಂದಲೇ ಆದರೆ 3.2. ಒಂದೇ ಅಂಕಿಗೆ ಮೂರು ಅರ್ಥ. ಬಾಡಿಗೆ ದೋಣಿ ಹತ್ತಿದರೂ, ಗೆಳೆಯರ ದೋಣಿ ಹತ್ತಿದರೂ, ದಡ ಬಿಡುವ ಮುಂಚೆ ಒಂದು ದಾರಕ್ಕೆ ಭಾರ ಕಟ್ಟಿ ಇಳಿಬಿಟ್ಟು ನೋಡಿ. ಐದು ನಿಮಿಷದ ಕೆಲಸ. ದಾರದ ಅಳತೆಗೂ ಪರದೆಯ ಅಂಕಿಗೂ ಇರುವ ವ್ಯತ್ಯಾಸವನ್ನು ಒಂದು ಪಟ್ಟಿಯ ಮೇಲೆ ಬರೆದು ಪರದೆಯ ಕೆಳಗೇ ಅಂಟಿಸಿ.

ಆಳಮಾಪಕದಿಂದ ದಾರಿಯನ್ನೂ ಹಿಡಿಯಬಹುದು, ಇದನ್ನು ಕಲಿತವರು ಈಗ ಕಡಿಮೆ. ನಕ್ಷೆಯಲ್ಲಿ ಹತ್ತು ಮೀಟರ್ ಆಳದ ಗೆರೆ ದಡದ ಗುಂಟ ಹೋಗುತ್ತದೆ. ಉಬ್ಬರದ ನೀರು ಎಷ್ಟಿದೆಯೋ ಅಷ್ಟನ್ನು ಕಳೆದು, ಆ ಗೆರೆಯ ಮೇಲೇ ದೋಣಿಯನ್ನು ನಡೆಸಬಹುದು. ಆಳ ಕಡಿಮೆಯಾದರೆ ಹೊರಕ್ಕೆ, ಹೆಚ್ಚಾದರೆ ಒಳಕ್ಕೆ. ನೆಲ ನಿಧಾನವಾಗಿ ಇಳಿಜಾರಾಗಿರುವಲ್ಲಿ ಮಂಜು ಮುಸುಕಿದರೂ ಹೀಗೆ ಬಂದರಿನ ಬಾಯಿಯ ತನಕ ಬರಬಹುದು. ಜಿಪಿಎಸ್‌ಗೆ ಹೊರಗಿನ ಸಾಕ್ಷಿಯೂ ಇದೇ: ನಕ್ಷೆಯಲ್ಲಿ ಇಲ್ಲಿ 22 ಮೀಟರ್ ಇರಬೇಕು, ಆಳಮಾಪಕ 9 ತೋರಿಸುತ್ತಿದೆ ಎಂದರೆ ಎಲ್ಲೋ ಏನೋ ತಪ್ಪಿದೆ, ನಿಲ್ಲಿಸಿ ಯೋಚಿಸಿ. ಅದಕ್ಕೇ ಆಳಮಾಪಕಕ್ಕೆ ಅದರದೇ ಪುಟ್ಟ ಪರದೆ ಬೇರೆ ಇರಲಿ ಎನ್ನುತ್ತೇನೆ. ಎಲ್ಲವನ್ನೂ ಒಂದೇ ಜಾಲಕ್ಕೆ ಕಟ್ಟಿ ಒಂದೇ ದೊಡ್ಡ ಪರದೆಯಲ್ಲಿ ತೋರಿಸುವುದು ಅನುಕೂಲವೇ. ಆದರೆ ಜಾಲದ ಬೆನ್ನುಮೂಳೆಯಂಥ ಆ ಒಂದು ತಂತಿಗೆ ನೀರು ಹೊಕ್ಕರೆ ಆಳ, ಗಾಳಿ, ವೇಗ, ದಿಕ್ಕು ಎಲ್ಲ ಒಟ್ಟಿಗೆ ಹೋಗುತ್ತವೆ.

ಜಿಪಿಎಸ್ ಕೈಕೊಡುವುದಿಲ್ಲ ಎಂಬ ನಂಬಿಕೆ ಈಗ ಸಡಿಲವಾಗಿದೆ. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದಲ್ಲಿದ್ದ ಹಡಗುಗಳಿಗೆ ತಾವು ನೆಲದ ಮೇಲಿನ ಒಂದು ವಿಮಾನ ನಿಲ್ದಾಣದಲ್ಲಿದ್ದೇವೆ ಎಂದು ಪರದೆ ತೋರಿಸಿತು. ಯಾರೋ ಹುಸಿ ಸಂಕೇತ ಬಿಟ್ಟಿದ್ದರು. ಅಲ್ಲಿಂದೀಚೆಗೆ ಪೂರ್ವ ಮೆಡಿಟರೇನಿಯನ್, ಬಾಲ್ಟಿಕ್ ಸಮುದ್ರಗಳಲ್ಲಿ ಇಂಥದ್ದು ಮತ್ತೆ ಮತ್ತೆ ಆಗಿದೆ. ಅಂಥ ಕಡೆ ಮೂರು ಜಿಪಿಎಸ್ ಇಟ್ಟುಕೊಂಡರೆ ಮೂರೂ ಒಂದೇ ಸುಳ್ಳು ಹೇಳಬಹುದು. ಸಂಕೇತ ಸಿಗದೆ ಹೋದರೆ ಗೊತ್ತಾದರೂ ಆಗುತ್ತದೆ. ಸುಳ್ಳು ಸಂಕೇತ ಬಂದಾಗ ಪರದೆ ಎಂದಿನಂತೆ ಶಾಂತವಾಗಿಯೇ ಇರುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆ ಇಲ್ಲಿಗೆ ಅಕ್ಷರಶಃ ಸಲ್ಲುತ್ತದೆ.

ಹಾಗಾದರೆ ಸೆಕ್ಸ್‌ಟಂಟ್ ಬೇಕೇ? 1968–69ರಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬರೇ, ಎಲ್ಲೂ ನಿಲ್ಲದೆ, 312 ದಿನಗಳಲ್ಲಿ ಭೂಮಿ ಸುತ್ತಿ ಬಂದದ್ದು ಸೆಕ್ಸ್‌ಟಂಟ್ ಹಿಡಿದೇ. ಕಲಿತವರು ಇಟ್ಟುಕೊಳ್ಳಿ, ಸಾಗರ ದಾಟುವವರಿಗೆ ಅದು ಒಳ್ಳೆಯ ಸಾಕ್ಷಿ. ಕರಾವಳಿಯ ಗುಂಟ ಹೋಗುವವರಿಗೆ ನಾನು ಒತ್ತಾಯಿಸುವುದಿಲ್ಲ. ಆದರೆ ಒಂದು ನೋಟ್‌ಬುಕ್ಕು, ಪೆನ್ಸಿಲು ಇರಲೇಬೇಕು. ಗಂಟೆಗೊಮ್ಮೆ ಜಾಗ, ದಿಕ್ಕು, ವೇಗ, ಆಳ ಬರೆಯಿರಿ. ಬೆಳಗಿನ ಜಾವ ಮೂರಕ್ಕೆ ಎಲ್ಲ ಆರಿಹೋದರೆ, ಎರಡು ಗಂಟೆಗೆ ಬರೆದ ಸಾಲು ನಿಮ್ಮ ಕೈಯಲ್ಲಿರುತ್ತದೆ. ಆರು ನಾಟ್ ವೇಗದಲ್ಲಿ ನೀವು ಆ ಜಾಗದಿಂದ ಹೆಚ್ಚೆಂದರೆ ಆರು ಮೈಲಿ ದೂರದಲ್ಲಿದ್ದೀರಿ, ಅದೂ ಯಾವ ದಿಕ್ಕಿಗೆ ಎಂಬುದು ಗೊತ್ತಿದೆ. ಇದೇ ನಾನು ಹೇಳಿದ ಅನುಮಾನ. ಕಾಗದದ ನಕ್ಷೆಗಳು ಮಾತ್ರ ಅಪರೂಪವಾಗುತ್ತಿವೆ. ಅಮೆರಿಕದ ಸಮುದ್ರ ನಕ್ಷೆಗಳನ್ನು ಮಾಡುವ ನೋವಾ ಎಂಬ ಸರ್ಕಾರಿ ಸಂಸ್ಥೆ ತನ್ನ ಸಾಂಪ್ರದಾಯಿಕ ಕಾಗದ ನಕ್ಷೆಗಳನ್ನು 2025ರ ಆರಂಭದ ಹೊತ್ತಿಗೆ ಪೂರ್ತಿ ನಿಲ್ಲಿಸಿತು. ಸಿಗುವ ಕಡೆ ಇಡೀ ಕರಾವಳಿಯ ಒಂದು ದೊಡ್ಡ ಹಾಳೆಯನ್ನಾದರೂ ಕೊಂಡಿಡಿ.

ಬೇರೆ ಹಡಗುಗಳ ವಿಷಯ. ಎದುರಿನಿಂದ 20 ನಾಟ್ ವೇಗದ ಹಡಗು, ನೀವು 6 ನಾಟ್. ಆರು ಮೈಲಿ ದೂರದಲ್ಲಿ ಕಂಡರೆ ಹದಿನಾಲ್ಕು ನಿಮಿಷದೊಳಗೆ ಅದು ನಿಮ್ಮ ಮೇಲಿರುತ್ತದೆ. ಕೆಳಗೆ ಹೋಗಿ ಚಹಾ ಮಾಡಿಕೊಂಡು ಬರುವಷ್ಟು ಹೊತ್ತು. ಅದಕ್ಕೆ ಎಐಎಸ್ ನನ್ನ ಪಟ್ಟಿಯಲ್ಲಿ ಮೇಲಿದೆ, ಅದೂ ಬರೀ ಕೇಳುವುದಲ್ಲ, ನಮ್ಮ ಇರವನ್ನೂ ಹೇಳುವಂಥದ್ದು. ಸಣ್ಣ ದೋಣಿಯ ಸಾಮಾನ್ಯ ಯಂತ್ರ ಎರಡೇ ವ್ಯಾಟ್‌ನಲ್ಲಿ ಬಿತ್ತರಿಸುತ್ತದೆ. ಆಂಟೆನಾ ಹಾಯಿಕಂಬದ ತುದಿಯಲ್ಲಿದ್ದರೆ ಹಡಗಿನ ಕಾವಲುಗಾರನಿಗೆ ನೀವು ಮೈಲಿಗಟ್ಟಲೆ ಮೊದಲೇ ಕಾಣುತ್ತೀರಿ. ಅಂತರರಾಷ್ಟ್ರೀಯ ಪ್ರಯಾಣದ 300 ಟನ್ ಮೇಲ್ಪಟ್ಟ ಹಡಗುಗಳಿಗೆ ಎಐಎಸ್ ಕಡ್ಡಾಯ. ಸಣ್ಣ ಮೀನುಗಾರಿಕೆ ದೋಣಿ, ತೇಲುವ ಮರದ ದಿಮ್ಮಿ, ಬಲೆಯ ಗುರುತಿನ ಕೋಲು, ಇವು ಸಾಮಾನ್ಯವಾಗಿ ಏನನ್ನೂ ಬಿತ್ತರಿಸುವುದಿಲ್ಲ. ಡಿಕ್ಕಿ ತಪ್ಪಿಸುವ 1972ರ ಅಂತರರಾಷ್ಟ್ರೀಯ ನಿಯಮಗಳಲ್ಲಿ ಐದನೆಯದು ಕಣ್ಣು, ಕಿವಿ ಎರಡರಿಂದಲೂ ಕಾವಲಿರಬೇಕು ಎನ್ನುತ್ತದೆ. ಉಳಿದ ಸಾಧನಗಳು ಅದರ ಜೊತೆಗೆ.

ರಾಡಾರ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ: ಮಂಜು ಬೀಳುವ ಸಮುದ್ರದವರಿಗೆ ಬೇಕೇ ಬೇಕು, ಬೆಚ್ಚಗಿನ ಕಡಲಲ್ಲಿ ಹಗಲು ಪ್ರಯಾಣ ಮಾಡುವವರು ಕಾಯಬಹುದು. ಅದು ನಿಜವಾದ ಪ್ರತ್ಯಕ್ಷ ಸಾಕ್ಷಿ, ಮಳೆಮೋಡ ಬರುವುದನ್ನೂ ತೋರಿಸುತ್ತದೆ. ಆದರೆ ಕಲಿಯದೆ ಕೈಗೆ ಬಾರದು. ಅಲೆಗಳ ನಡುವಿನ ಮರದ ದೋಣಿ, ಫೈಬರ್ ದೋಣಿ ಅದಕ್ಕೆ ಸರಿಯಾಗಿ ಕಾಣದೆ ಹೋಗಬಹುದು. ಅರೆಬರೆ ಮಾಹಿತಿ ನಂಬಿ, ಅದರಲ್ಲೂ ರಾಡಾರಿನ ಅರೆಬರೆ ಮಾಹಿತಿ ನಂಬಿ, ತೀರ್ಮಾನಕ್ಕೆ ಬರಬೇಡಿ ಎಂದು ಏಳನೆಯ ನಿಯಮ ಬಿಡಿಸಿ ಹೇಳುತ್ತದೆ. ಹಾಕಿಸಿಕೊಂಡವರು ತಿಳಿಯಾದ ಹಗಲಿನಲ್ಲೇ ಹಚ್ಚಿ, ಕಣ್ಣಿಗೆ ಕಾಣುವುದನ್ನೂ ಪರದೆಗೆ ಕಾಣುವುದನ್ನೂ ಹೋಲಿಸಿ ಅಭ್ಯಾಸ ಮಾಡಬೇಕು.

ಇನ್ನು ಕರೆಂಟಿನ ಲೆಕ್ಕ. ಎಷ್ಟು ಉಪಕರಣ ಎಂಬ ಪ್ರಶ್ನೆಯನ್ನು ಕೊನೆಗೆ ತೀರ್ಮಾನಿಸುವುದು ಬ್ಯಾಟರಿ. ಒಂದು ಹಾಳೆ ತೆಗೆದುಕೊಂಡು ದಿನದ ಖರ್ಚು ಬರೆಯಿರಿ. ಪ್ಲಾಟರ್ ಒಂದು ಆಂಪಿಯರ್, ಇಡೀ ದಿನಕ್ಕೆ 24 ಆಂಪಿಯರ್-ಗಂಟೆ. ತಾನೇ ಚುಕ್ಕಾಣಿ ತಿರುಗಿಸುವ ಆಟೊಪೈಲಟ್ ಸರಾಸರಿ ಮೂರು ಎಂದರೆ 72. ರೇಡಿಯೊ, ಎಐಎಸ್ ಸೇರಿ 15. ಆಳ, ಗಾಳಿ, ವೇಗದ ಮಾಪಕಗಳಿಗೆ 6. ರಾಡಾರ್ ಆಗಾಗ ಹಚ್ಚಿ ಒಟ್ಟು ನಾಲ್ಕು ಗಂಟೆ ಎಂದರೆ 10. ರಾತ್ರಿಯ ಎಲ್‌ಇಡಿ ದೀಪಕ್ಕೆ 3. ಒಟ್ಟು 130. ಫ್ರಿಜ್, ಫೋನ್ ಚಾರ್ಜಿಂಗ್ ಇದರಲ್ಲಿ ಸೇರಿಲ್ಲ. 200 ಆಂಪಿಯರ್-ಗಂಟೆಯ ಲೆಡ್-ಆಸಿಡ್ ಬ್ಯಾಟರಿಯಲ್ಲಿ ಅದಕ್ಕೆ ಕೆಡುಕಾಗದಂತೆ ಬಳಸಬಹುದಾದದ್ದು ಅರ್ಧ, ಅಂದರೆ 100. ಮೊದಲ ದಿನವೇ ಸಾಲಲಿಲ್ಲ. ಲಿಥಿಯಂ ಆದರೆ ಹೆಚ್ಚು ಬಳಸಬಹುದು, ಆದರೆ ಖಾಲಿಯಾದದ್ದನ್ನು ತುಂಬಿಸಲೇಬೇಕಲ್ಲ. 200 ವ್ಯಾಟ್ ಸೌರಫಲಕ ಒಳ್ಳೆಯ ಬಿಸಿಲಿನ ದಿನ 60–70 ಕೊಟ್ಟೀತು. ಇಲ್ಲಿ ಅತಿ ದೊಡ್ಡ ಖರ್ಚು ಯಾವುದು ನೋಡಿ: ಆಟೊಪೈಲಟ್. ಸಾಗರ ದಾಟುವ ಅನೇಕರು ಗಾಳಿಯ ಬಲದಿಂದಲೇ ಚುಕ್ಕಾಣಿ ತಿರುಗಿಸುವ ವಿಂಡ್‌ವೇನ್ ಕಟ್ಟಿಸಿಕೊಳ್ಳುವುದು ಇದಕ್ಕೇ. ಅದಕ್ಕೆ ಒಂದು ಹನಿ ಕರೆಂಟೂ ಬೇಡ.

ಹತ್ತಿರದ ಹಡಗು, ದಡಗಳ ಜೊತೆ ಮಾತಾಡುವ ವಿಎಚ್‌ಎಫ್ ರೇಡಿಯೊ, ಆಪತ್ತಿನಲ್ಲಿ ಉಪಗ್ರಹದ ಮೂಲಕ ನೆರವು ಕೋರುವ ಇಪಿಐಆರ್‌ಬಿ, ಈ ತುರ್ತು ಸಾಧನಗಳು ಈ ಚರ್ಚೆಗೇ ಬರುವುದಿಲ್ಲ, ಅವು ಇರಲೇಬೇಕು. ಒಂದು ಮಾತು ಮಾತ್ರ: ರೇಡಿಯೊದ ಕೆಂಪು ಗುಂಡಿ ನಿಮ್ಮ ಜಾಗ ಹೇಳಬೇಕಾದರೆ ಅದಕ್ಕೆ ಜಿಪಿಎಸ್ ಸೇರಿಸಿರಬೇಕು, ದೋಣಿಯನ್ನು ರೇಡಿಯೊದಲ್ಲಿ ಗುರುತಿಸುವ ಒಂಬತ್ತು ಅಂಕಿಯ ಎಂಎಂಎಸ್‌ಐ ಸಂಖ್ಯೆ ತುಂಬಿರಬೇಕು. ಇವೆರಡೂ ಆಗದ ದೋಣಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇಲ್ಲಿಂದ ಹೋದ ಕೂಡಲೇ ನಿಮ್ಮದನ್ನು ನೋಡಿಕೊಳ್ಳಿ.

ಉಪನ್ಯಾಸದ ನಂತರ ಬಂದ ಮೂರು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಪ್ಲಾಟರ್ ಯಾಕೆ, ಟ್ಯಾಬ್ಲೆಟ್ ಸಾಲದೇ ಎಂದು ಒಬ್ಬರು ಕೇಳಿದರು. ಎರಡನೆಯ ಪರದೆಯಾಗಿ ತುಂಬ ಒಳ್ಳೆಯದು, ನಾನೂ ಬಳಸುತ್ತೇನೆ. ಬಿಸಿಲಿಗೆ ಇಟ್ಟರೆ ಕಾದು ತಾನಾಗಿ ಆರುತ್ತದೆ, ಗಾಜಿನ ಮೇಲೆ ನೀರು ಬಿದ್ದರೆ ಬೆರಳಿನ ಮಾತು ಕೇಳುವುದಿಲ್ಲ. ವೈಫೈ ಮಾತ್ರ ಇರುವ ಕೆಲವು ಟ್ಯಾಬ್ಲೆಟ್‌ಗಳಲ್ಲಿ ಜಿಪಿಎಸ್ ಚಿಪ್ಪೇ ಇರುವುದಿಲ್ಲ, ಕೊಳ್ಳುವಾಗ ಕೇಳಿ.

ಹಣ ಸ್ವಲ್ಪ ಸ್ವಲ್ಪವೇ ಹೊಂದಿಸುತ್ತಿದ್ದೇವೆ, ಯಾವುದು ಮೊದಲು ಎಂದು ಇನ್ನೊಬ್ಬರು. ಮೊದಲು ಇರುವ ದಿಕ್ಸೂಚಿಯನ್ನು ಪರೀಕ್ಷಿಸಿ, ಯಾವ ದಿಕ್ಕಿಗೆ ಎಷ್ಟು ತಪ್ಪುತ್ತದೆ ಎಂಬ ಪಟ್ಟಿ ಮಾಡಿ. ಅದರ ಹತ್ತಿರ ಸ್ಪೀಕರ್ ಇಟ್ಟಿದ್ದರೆ ತೆಗೆಯಿರಿ. ಅದರ ಅಯಸ್ಕಾಂತ ಮುಳ್ಳನ್ನು ಹತ್ತಿಪ್ಪತ್ತು ಡಿಗ್ರಿ ಎಳೆಯಬಲ್ಲದು. ಆಮೇಲೆ ಆಳಮಾಪಕ, ವಿಎಚ್‌ಎಫ್, ತನ್ನದೇ ಬ್ಯಾಟರಿ ಇರುವ ಕೈಯಲ್ಲಿ ಹಿಡಿಯುವ ಜಿಪಿಎಸ್. ಆಮೇಲೆ ಹೊಸ ತಂತಿ, ಎಂಜಿನ್‌ಗೆ ಪ್ರತ್ಯೇಕ ಬ್ಯಾಟರಿ. ಅದಾದ ಮೇಲೆ ಎಐಎಸ್, ಪ್ಲಾಟರ್. ಇಷ್ಟರಲ್ಲಿ ಒಂದು ವರ್ಷ ದೋಣಿ ನಡೆಸಿರುತ್ತೀರಿ. ಮುಂದಿನದು ಏನು ಬೇಕು ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ.

ಸಿಡಿಲು ಹೊಡೆದರೆ ಏನು ಮಾಡುವುದು ಎಂದು ಕೇಳಿದವರು ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ. ಗುಡುಗು ಹತ್ತಿರ ಬಂತೆಂದರೆ ಕೈ ಜಿಪಿಎಸ್, ಕೈ ರೇಡಿಯೊ, ಒಂದು ಫೋನು, ಮೂರನ್ನೂ ಅಡುಗೆ ಒಲೆಯ ಓವನ್ನಿನೊಳಗೆ ಇಟ್ಟು ಬಾಗಿಲು ಮುಚ್ಚಿ. ಸುತ್ತಲಿನ ಲೋಹದ ಪೆಟ್ಟಿಗೆ ಸಿಡಿಲಿನ ಹೊಡೆತದಿಂದ ಅವನ್ನು ಬಹುಮಟ್ಟಿಗೆ ಕಾಪಾಡುತ್ತದೆ. ಹಾಯಿಕಂಬಕ್ಕೆ ಸಿಡಿಲು ಬಡಿದು ಉಳಿದೆಲ್ಲ ಸುಟ್ಟರೂ ದಾರಿ ಹಿಡಿಯಲು ಅಷ್ಟು ಸಾಕು. ಇಟ್ಟ ತಕ್ಷಣ ಓವನ್ನಿನ ಗುಂಡಿಯ ಮೇಲೆ ಒಂದು ಕೆಂಪು ಚೀಟಿ ಅಂಟಿಸಿ. ಬೆಳಗ್ಗೆ ಒಲೆ ಹಚ್ಚುವವರು ರಾತ್ರಿ ಕಾವಲಿದ್ದವರೇ ಆಗಿರುವುದಿಲ್ಲ.